ಕೇಳುವ ಮನಸ್ಸು



ಚಿಕ್ಕಂದಿನಿಂದ ನಾವೆಲ್ಲರೂ ಹೆಚ್ಚು ಸಲ ಕೇಳಿಸಿಕೊಂಡಿರುವ ಬುದ್ಧಿಮಾತು ಒಂದೇ: "ದೊಡ್ಡವರ ಮಾತು ಕೇಳು." ಮನೆಯಲ್ಲಿ ಅಮ್ಮ ಹೇಳಿದರು, ಶಾಲೆಯಲ್ಲಿ ಸಿಸ್ಟರ್ ಹೇಳಿದರು, ಧರ್ಮೋಪದೇಶದ ತರಗತಿಯಲ್ಲಿ ಉಪದೇಶಿಗಳು ಹೇಳಿದರು. ಹಾಗಾಗಿ ವಿಧೇಯತೆ ಎಂದರೆ ಎದುರು ಮಾತಾಡದೆ ಸುಮ್ಮನಿರುವುದು ಎಂದು ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಸುಮ್ಮನಿರುವವನು ಒಳ್ಳೆಯ ಹುಡುಗ, ಪ್ರಶ್ನೆ ಕೇಳುವವನು ಬಾಯಿಬಡುಕ.

ಆದರೆ ನಮ್ಮ ಕನ್ನಡದ 'ಕೇಳು' ಎಂಬ ಮಾತನ್ನೇ ಸ್ವಲ್ಪ ಗಮನಿಸಿ. ಕಿವಿಗೊಟ್ಟು ಆಲಿಸುವುದೂ ಕೇಳುವುದೇ. ಮಾತಿನಂತೆ ನಡೆಯುವುದೂ ಕೇಳುವುದೇ. ಅರ್ಥವಾಗದಾಗ ಪ್ರಶ್ನೆ ಹಾಕುವುದೂ ಕೇಳುವುದೇ. ಬೇಕಾದದ್ದನ್ನು ಬೇಡುವುದೂ ಕೇಳುವುದೇ. ಬೇರೆ ಎಷ್ಟೋ ಭಾಷೆಗಳಲ್ಲಿ ಇವಕ್ಕೆ ಎರಡು ಮೂರು ಪದಗಳು ಬೇಕಾಗುತ್ತವೆ, ನಮ್ಮಲ್ಲಿ ಒಂದೇ ಸಾಕು. ಪವಿತ್ರ ಗ್ರಂಥದ ಹೀಬ್ರೂ ಭಾಷೆಯಲ್ಲಿಯೂ 'ಶಮಾ' ಎಂದರೆ ಆಲಿಸು ಎಂದೂ ಹೌದು, ವಿಧೇಯನಾಗು ಎಂದೂ ಹೌದು. ಲತೀನಿನಲ್ಲಿ ವಿಧೇಯತೆ ಎಂಬ ಪದ ಹುಟ್ಟಿರುವುದು ಕಿವಿಗೊಡುವುದು ಎಂಬ ಕ್ರಿಯೆಯಿಂದಲೇ.

ಇಷ್ಟು ಗೊತ್ತಿದ್ದರೂ ಬದುಕಿನಲ್ಲಿ ತೊಡಕು ಬಂದೇ ಬರುತ್ತದೆ. ಮಾತು ಕೇಳುವವನು ಪ್ರಶ್ನೆಯನ್ನೂ ಕೇಳಬಹುದೇ? ಒಪ್ಪಿಕೊಂಡು ನಡೆಯುತ್ತಲೇ, ಇದು ಬದಲಾಗಲಿ ಎಂದು ಬೇಡುತ್ತಿರಬಹುದೇ? ಹಾಗೆ ಮಾಡಿದರೆ ನಮ್ಮ ವಿಧೇಯತೆ ಅರ್ಧ ಮನಸ್ಸಿನದ್ದಾಗುವುದಿಲ್ಲವೇ? ಈ ಪ್ರಶ್ನೆ ನಮಗೆ ಪುಸ್ತಕದಿಂದ ಬಂದದ್ದಲ್ಲ. ನಮ್ಮ ದೇವಾಲಯದ ಅಂಗಳದಲ್ಲೇ ಹುಟ್ಟಿದ್ದು. ಅದನ್ನು ಮುಚ್ಚಿಡದೆ ಹೇಳುತ್ತೇವೆ.

ಅಂಗಳದ ಕಟ್ಟೆ

ನಮ್ಮಲ್ಲಿ ಪ್ರತಿ ಭಾನುವಾರ ಇದ್ದ ಕನ್ನಡ ಬಲಿಪೂಜೆ ತಿಂಗಳಿಗೆ ಒಂದು ಭಾನುವಾರಕ್ಕೆ ಇಳಿದದ್ದು ಎಲ್ಲರಿಗೂ ಗೊತ್ತು. ಸಹಾಯಕ ಗುರುಗಳು ವರ್ಗವಾಗಿ ಹೋದರು, ಕನ್ನಡ ಬಲ್ಲ ಇನ್ನೊಬ್ಬರು ಬರಲಿಲ್ಲ. ಇರುವ ಒಬ್ಬರೇ ಸ್ವಾಮಿಗಳು ಕೇಂದ್ರವನ್ನೂ ಉಪಕೇಂದ್ರಗಳನ್ನೂ ನೋಡಬೇಕು. ನಮ್ಮ ಧರ್ಮಕ್ಷೇತ್ರದಲ್ಲಿ ತಮಿಳು, ಮಲಯಾಳ, ಕನ್ನಡ ಎಲ್ಲವೂ ಇದ್ದರೂ ಎಲ್ಲ ಭಾಷೆಗೂ ಗುರುಗಳು ಸಾಲುವುದಿಲ್ಲ. ಕಾರಣ ಇಷ್ಟೇ. ಯಾರೂ ನಮ್ಮನ್ನು ಹಗೆತನದಿಂದ ತಳ್ಳಿದ್ದಲ್ಲ.

ಆದರೆ ಯುವಜನರಾದ ನಾವು ಮಾಡಿದ್ದೇನು? ಮೊದಲು ಗುಸುಗುಸು ಮಾತಾಡಿಕೊಂಡೆವು. ಆಮೇಲೆ ವಾಟ್ಸಾಪ್ ಗುಂಪಿನಲ್ಲಿ ಬಿಸಿಬಿಸಿ ಬರೆದೆವು. ನಂತರ ತಮಿಳು ಪೂಜೆಯ ಹೊತ್ತಿಗೆ ಬಂದು, ಒಳಗೆ ಹೋಗದೆ ಅಂಗಳದ ಕಟ್ಟೆಯ ಮೇಲೆ ಕೂತೆವು. ಗಾನವೃಂದದಲ್ಲಿ ಹಾಡುತ್ತಿದ್ದವರು ಹಾಡುವುದನ್ನು ಬಿಟ್ಟೆವು. ಯಾರಾದರೂ ಕೇಳಿದರೆ "ನಾವು ಪೂಜೆಗೆ ಬಂದಿದ್ದೇವಲ್ಲ" ಎನ್ನುತ್ತಿದ್ದೆವು. ದೇಹ ಅಂಗಳದಲ್ಲಿ, ಮನಸ್ಸು ಮೊಬೈಲಿನಲ್ಲಿ. ಸ್ವಾಮಿಗಳ ಎದುರಿಗೆ ಬಂದಾಗ ಮಾತ್ರ "ಸರಿ ಫಾದರ್, ಆಯ್ತು ಫಾದರ್." ಒಬ್ಬರೂ ಅವರ ಕೋಣೆಗೆ ಹೋಗಿ ನೇರವಾಗಿ ಕೇಳಲಿಲ್ಲ.

ಆ ಕಟ್ಟೆಯ ಮೇಲಿಂದ ಪ್ರತಿ ಭಾನುವಾರ ನಮಗೆ ಒಬ್ಬರು ಕಾಣುತ್ತಿದ್ದರು. ಎಂಬತ್ತರ ಹತ್ತಿರದ ನಮ್ಮೊಬ್ಬ ಅಜ್ಜಿ. ತಮಿಳು ಅಷ್ಟಕ್ಕಷ್ಟೆ. ಮಳೆ ಬಂದರೂ ಮಂಜು ಕವಿದರೂ ಪೂಜೆಗೆ ಅರ್ಧ ಗಂಟೆ ಮೊದಲು ಬಂದು, ಕನ್ನಡದಲ್ಲಿ ಜಪಸರ ಮುಗಿಸಿ, ಪೂಜೆಯಲ್ಲಿ ಕೊನೆಯ ಆಶೀರ್ವಾದದವರೆಗೂ ಇರುತ್ತಿದ್ದರು. ಒಂದು ದಿನ ನಮ್ಮಲ್ಲೊಬ್ಬರು ಸ್ವಲ್ಪ ಚುಚ್ಚಿಯೇ ಕೇಳಿದರು: "ಅಜ್ಜೀ, ಅವರು ಹೇಳೋದು ನಿನಗೆ ಅರ್ಥ ಆಗುತ್ತಾ?"

ಅಜ್ಜಿ ಹೇಳಿದ್ದು: "ಅರ್ಥ ಆಗೋದು ಅರ್ಧ ಮಗಾ. ಬಂದಿರೋದು ಪೂರ್ತಿ."

ನಾವು ನಕ್ಕೆವು. ಆಮೇಲೆ ತಿಳಿಯಿತು, ಅಜ್ಜಿ ಪ್ರತಿ ತಿಂಗಳೂ ಪೂಜೆ ಮುಗಿದ ಮೇಲೆ ಸ್ವಾಮಿಗಳ ಬಳಿ ಹೋಗಿ, "ಸ್ವಾಮೀ, ನಮ್ಮ ಕನ್ನಡ ಪೂಜೆ ಯಾವಾಗ ಜಾಸ್ತಿ ಮಾಡ್ತೀರಾ?" ಎಂದು ಕೇಳುತ್ತಿದ್ದರಂತೆ. ಪ್ರತಿ ತಿಂಗಳೂ ಅದೇ ಪ್ರಶ್ನೆ. ಪ್ರತಿ ತಿಂಗಳೂ ಸ್ವಾಮಿಗಳದ್ದು ಹೆಚ್ಚುಕಡಿಮೆ ಅದೇ ಉತ್ತರ. ಅಜ್ಜಿ ಕೇಳುವುದನ್ನೂ ಬಿಡಲಿಲ್ಲ, ಬರುವುದನ್ನೂ ಬಿಡಲಿಲ್ಲ. ನಾವು ಬರುವುದನ್ನು ಬಿಟ್ಟಿದ್ದೆವು, ಕೇಳುವುದನ್ನು ಶುರುವೇ ಮಾಡಿರಲಿಲ್ಲ.

ಹನ್ನೆರಡು ಜನರಲ್ಲಿ ಒಬ್ಬ

ಇದಾದ ಮೇಲೆ ಒಂದು ಸಂಜೆ ಯುವಕೂಟದಲ್ಲಿ ಸಂಖ್ಯಾಕಾಂಡದ 13 ಮತ್ತು 14ನೇ ಅಧ್ಯಾಯಗಳನ್ನು ಓದಿದೆವು. ಕಾಲೇಬನ ಕಥೆ. ಯುವಜನರಲ್ಲಿ ಅನೇಕರಿಗೆ ಅವನ ಹೆಸರು ಮಾತ್ರ ಗೊತ್ತಿತ್ತು.

ಈಜಿಪ್ಟಿನಿಂದ ಹೊರಟ ಇಸ್ರಯೇಲರು ವಾಗ್ದಾನದ ನಾಡಿನ ಬಾಗಿಲಿಗೆ ಬಂದಿದ್ದಾರೆ. ಮೋಶೆ ಕುಲಕ್ಕೊಬ್ಬರಂತೆ ಹನ್ನೆರಡು ಜನರನ್ನು ನಾಡು ನೋಡಿ ಬರಲು ಕಳಿಸುತ್ತಾನೆ. 40 ದಿನ ತಿರುಗಾಡಿ ಬರುತ್ತಾರೆ. ಎಷ್ಕೋಲ್ ಕಣಿವೆಯಿಂದ ಒಂದು ದ್ರಾಕ್ಷಿ ಗೊಂಚಲನ್ನು ಕೊಯ್ದು ಕೋಲಿಗೆ ಕಟ್ಟಿ ಇಬ್ಬರು ಹೊತ್ತು ತರುತ್ತಾರೆ. ನಾಡು ಒಳ್ಳೆಯದು ಎನ್ನುವುದರಲ್ಲಿ ಹನ್ನೆರಡು ಜನಕ್ಕೂ ಭಿನ್ನಾಭಿಪ್ರಾಯವಿಲ್ಲ. ಕಂಡದ್ದು ಎಲ್ಲರಿಗೂ ಒಂದೇ. ಆದರೆ ಹತ್ತು ಜನ, ಅಲ್ಲಿನವರು ದೈತ್ಯರು, ಅವರ ಮುಂದೆ ನಾವು ಮಿಡತೆಗಳು ಎಂದರು. ಕಾಲೇಬ ಜನರನ್ನು ಸುಮ್ಮನಾಗಿಸಿ, ಹೋಗೋಣ, ನಮ್ಮಿಂದ ಆಗುತ್ತದೆ ಎಂದ. ಯೆಹೋಶುವ ಅವನ ಜೊತೆ ನಿಂತ. ಇಡೀ ಪಾಳೆಯ ಇವರಿಬ್ಬರ ಮೇಲೆ ಕಲ್ಲು ಎತ್ತಿತು.

ಇಲ್ಲಿ ಮೊದಲ ಪಾಠ ಸಿಗುತ್ತದೆ. ಕಾಲೇಬ ವಿಧೇಯ. ಆದರೆ ಅವನು ಸುಮ್ಮನಿರುವವನಲ್ಲ. ಇಡೀ ಜನಸಮೂಹ ಒಂದು ಮಾತು ಹೇಳುವಾಗ ಎದ್ದುನಿಂತು ಬೇರೆ ಮಾತು ಹೇಳಿದವನು. ಸರ್ವೇಶ್ವರ ಅವನನ್ನು ಕುರಿತು, ಇವನಲ್ಲಿ ಬೇರೆಯೇ ಮನೋಭಾವವಿದೆ, ಇವನು ನನ್ನನ್ನು ಪೂರ್ಣವಾಗಿ ಹಿಂಬಾಲಿಸಿದ ಎಂಬ ಅರ್ಥದ ಸಾಕ್ಷಿ ಕೊಡುತ್ತಾರೆ. ಹೀಬ್ರೂ ಮೂಲದಲ್ಲಿ ಆ ಮಾತಿನ ರೂಪ 'ತುಂಬಿಸು' ಎಂಬ ಕ್ರಿಯೆಯದ್ದು. ಹಿಂಬಾಲಿಸುವುದನ್ನು ತುಂಬಿಸಿದ, ಎಡೆ ಬಿಡಲಿಲ್ಲ ಎಂದು ಅರ್ಥ. ಪೂರ್ಣ ಮನಸ್ಸು ಎಂದರೆ ಸಂದೇಹವೇ ಇಲ್ಲದ ಮನಸ್ಸಲ್ಲ. ದೈತ್ಯರನ್ನು ಕಾಲೇಬನೂ ಕಂಡಿದ್ದ. ಕಂಡರೂ, ಹೆಜ್ಜೆ ಮತ್ತು ಮಾತು ಎರಡೂ ಒಂದೇ ಕಡೆ ಇದ್ದವು.

ಎರಡನೆಯ ಪಾಠ ನಮ್ಮನ್ನು ಹೆಚ್ಚು ಕಾಡಿತು. ಜನರ ಅವಿಶ್ವಾಸಕ್ಕೆ ಶಿಕ್ಷೆಯಾಗಿ ದಿನಕ್ಕೊಂದು ವರ್ಷದಂತೆ 40 ವರ್ಷ ಮರುಭೂಮಿಯಲ್ಲಿ ಅಲೆಯಬೇಕಾಯಿತು. ತಪ್ಪು ಮಾಡಿದ್ದು ಅವರು. ಸರಿ ಹೇಳಿದ್ದು ಕಾಲೇಬ. ಆದರೂ ಅವನೂ ಅವರ ಜೊತೆಗೇ 40 ವರ್ಷ ನಡೆದ. 'ನಾನು ಹೇಳಿದ್ದೇ ಸರಿ' ಎಂದು ಬೇರೆ ಪಾಳೆಯ ಕಟ್ಟಲಿಲ್ಲ, ಕಟ್ಟೆಯ ಮೇಲೆ ಕೂರಲಿಲ್ಲ.

ಅದೇ ಅಧ್ಯಾಯದ ಕೊನೆಯಲ್ಲಿ ಇನ್ನೊಂದು ಸಂಗತಿ ಇದೆ, ಅದನ್ನು ನಾವು ಸಾಮಾನ್ಯವಾಗಿ ಓದದೆ ದಾಟಿಬಿಡುತ್ತೇವೆ. ಶಿಕ್ಷೆಯ ಮಾತು ಕೇಳಿದ ಜನ ಮಾರನೆಯ ಬೆಳಿಗ್ಗೆ ಎದ್ದು, ತಪ್ಪಾಯಿತು, ಈಗ ಹೋಗುತ್ತೇವೆ ಎಂದು ಬೆಟ್ಟ ಹತ್ತಲು ಹೊರಡುತ್ತಾರೆ. ಬೇಡ ಎಂದು ಮೋಶೆ ತಡೆಯುತ್ತಾನೆ. ಕೇಳುವುದಿಲ್ಲ. ಮೋಶೆಯೂ ಇಲ್ಲದೆ, ಒಡಂಬಡಿಕೆಯ ಮಂಜೂಷವೂ ಇಲ್ಲದೆ ಹತ್ತುತ್ತಾರೆ. ಅಮಾಲೇಕ್ಯರೂ ಕಾನಾನ್ಯರೂ ಅವರನ್ನು ಬಡಿದು ಓಡಿಸುತ್ತಾರೆ. ನಿನ್ನೆ ಹೋಗು ಎಂದಾಗ ಹೋಗಲಿಲ್ಲ, ಇಂದು ಬೇಡ ಎಂದಾಗ ಹೋದರು. ಹೊರಗಿನಿಂದ ನೋಡಿದರೆ ಇದು ದೊಡ್ಡ ಹುರುಪು. ಆದರೆ ಇದರಲ್ಲಿ ಕೇಳುವಿಕೆ ಇಲ್ಲ. ತಮ್ಮ ಪಾಪದ ನಾಚಿಕೆಯನ್ನು ತಮ್ಮ ಸಾಹಸದಿಂದಲೇ ತೊಳೆದುಕೊಳ್ಳುವ ಅವಸರ ಮಾತ್ರ ಇದೆ. ಯುವಜನರಾದ ನಮಗೆ ಈ ಅಪಾಯ ಹೆಚ್ಚು. ಒಂದು ಧ್ಯಾನಕೂಟಕ್ಕೆ ಹೋಗಿ ಬಂದು ಎರಡು ವಾರ ಉರಿಯುತ್ತೇವೆ, ಮೂರನೆಯ ವಾರ ಆರಿಹೋಗುತ್ತೇವೆ. ಅದು ಹುರುಪು, ವಿಧೇಯತೆಯಲ್ಲ.

ಎಂಬತ್ತೈದನೇ ವಯಸ್ಸಿನ ಬೇಡಿಕೆ

ಕಾಲೇಬನ ಕಥೆ ಯೆಹೋಶುವನ ಗ್ರಂಥದ 14ನೇ ಅಧ್ಯಾಯದಲ್ಲಿ ಮುಂದುವರಿಯುತ್ತದೆ. ಗೂಢಚಾರನಾಗಿ ಹೋದಾಗ ಅವನಿಗೆ 40 ವರ್ಷ. ಈಗ 85. ನಾಡು ಹಂಚಿಕೆಯಾಗುತ್ತಿದೆ. ಯೆಹೋಶುವನ ಮುಂದೆ ಬಂದು, 45 ವರ್ಷಗಳ ಹಿಂದೆ ಕೊಟ್ಟ ಮಾತನ್ನು ನೆನಪಿಸಿ, ಆ ಬೆಟ್ಟದ ಸೀಮೆ ನನಗೆ ಕೊಡು ಎಂದು ಕೇಳುತ್ತಾನೆ. ಬೇರೆ ಸುಲಭದ ಬಯಲು ಕೇಳಲಿಲ್ಲ. ದೈತ್ಯರಿದ್ದ ಹೆಬ್ರೋನನ್ನೇ ಕೇಳಿದ. ಅಂದು ಹತ್ತು ಜನರನ್ನು ಹೆದರಿಸಿದ ಅದೇ ಜಾಗ.

ಈ ಮುದುಕ ಮರೆತಿರಲಿಲ್ಲ. 45 ವರ್ಷ ಕಾಯುವಾಗ ಆಸೆಯನ್ನು ಕೊಂದುಕೊಳ್ಳಲಿಲ್ಲ, ಆಸೆ ತೀರಲಿಲ್ಲವೆಂದು ಕಹಿಯಾಗಲೂ ಇಲ್ಲ. ವಿಶ್ವಾಸದಲ್ಲಿ ಪಟ್ಟುಹಿಡಿಯುವುದು ಎಂದರೆ ಇದೇ ಇರಬೇಕು. ಕೇಳುವ ಸಮಯ ಬಂದಾಗ ನಾಚದೆ ಕೇಳಿದ. ಕೇಳುವ ಗುಣ ಆ ಮನೆಯಲ್ಲೇ ಇತ್ತೇನೋ. ಮುಂದಿನ ಅಧ್ಯಾಯದಲ್ಲಿ ಅವನ ಮಗಳು ಅಕ್ಸಾ ತಂದೆಯ ಬಳಿ ಬಂದು, ಒಣಭೂಮಿ ಕೊಟ್ಟಿದ್ದೀರಿ, ನೀರಿನ ಬುಗ್ಗೆಗಳನ್ನೂ ಕೊಡಿ ಎಂದು ಕೇಳುತ್ತಾಳೆ. ತಂದೆ ಮೇಲಿನ ಬುಗ್ಗೆಗಳನ್ನೂ ಕೆಳಗಿನ ಬುಗ್ಗೆಗಳನ್ನೂ ಕೊಡುತ್ತಾನೆ. ಹೀಗೆ ಕೇಳಿದ್ದಕ್ಕೆ ಅವಳನ್ನು ಯಾರೂ ಅವಿಧೇಯಳೆಂದು ಕರೆಯಲಿಲ್ಲ.

ಇನ್ನೂ ಎರಡು ಸಂಗತಿ ಹೇಳಬೇಕು. ಮೊದಲನೆಯದು, ಪವಿತ್ರ ಗ್ರಂಥ ಕಾಲೇಬನನ್ನು ಕೆನಿಜ್ಜೀಯ ಎಂದು ಕರೆಯುತ್ತದೆ. ಆದಿಕಾಂಡದ ವಂಶಾವಳಿಯಲ್ಲಿ ಕೆನಜ್ ಎಂಬ ಹೆಸರು ಬರುವುದು ಏಸಾವನ ಸಂತತಿಯಲ್ಲಿ. ಆದ್ದರಿಂದ ಅವನ ಮನೆತನ ಮೂಲತಃ ಹೊರಗಿನದು, ಆಮೇಲೆ ಯೂದ ಕುಲದಲ್ಲಿ ಸೇರಿಕೊಂಡದ್ದು ಎಂದು ಅನೇಕ ಪಂಡಿತರು ಹೇಳುತ್ತಾರೆ. ಗಡಿಯವನು ಎನ್ನೋಣ. ಹುಟ್ಟಿನಿಂದ ಒಳಗಿದ್ದ ಹತ್ತು ಜನರಿಗಿಂತ ಗಡಿಯವನೇ ಪೂರ್ಣವಾಗಿ ಹಿಂಬಾಲಿಸಿದ. ಎರಡನೆಯದು, ಅವನು 45 ವರ್ಷ ಕಾದು ಪಡೆದ ಹೆಬ್ರೋನ್ ಪಟ್ಟಣ ಮುಂದೆ ಯಾಜಕರಿಗೆ ಹೋಯಿತು, ಕೈತಪ್ಪಿ ಕೊಲೆ ಮಾಡಿದವರು ಓಡಿಬಂದು ಜೀವ ಉಳಿಸಿಕೊಳ್ಳುವ ಆಶ್ರಯನಗರವಾಯಿತು. ಕಾಲೇಬನಿಗೆ ಉಳಿದದ್ದು ಹೊಲಗಳು ಮತ್ತು ಸುತ್ತಲಿನ ಹಳ್ಳಿಗಳು. ಪಡೆದದ್ದು ಅವನೊಬ್ಬನಿಗಾಗಿ ಅಲ್ಲ, ದಿಕ್ಕಿಲ್ಲದವರಿಗೂ ಅದು ನೆಲೆಯಾಯಿತು.

ಹಾಗೆಂದು ಈ ಯುದ್ಧದ ಕಥೆಯನ್ನು ಇನ್ನೊಬ್ಬರ ನೆಲ ಕಸಿಯಲು ಕೊಟ್ಟ ಅಪ್ಪಣೆಯಂತೆ ನಾವು ಓದುವಂತಿಲ್ಲ. ನಮ್ಮ ಪ್ರಭು ಕತ್ತಿಯನ್ನು ಒರೆಗೆ ಹಾಕಿಸಿದವರು. ಕಾಲೇಬನಿಂದ ನಾವು ಕಲಿಯಬೇಕಾದದ್ದು ಅವನ ಕತ್ತಿಯನ್ನಲ್ಲ, ಅವನ 45 ವರ್ಷಗಳನ್ನು.

'ಹೌದು' ಮತ್ತು 'ಆದರೂ'

ಹೊಸ ಒಡಂಬಡಿಕೆಯಲ್ಲಿ ಇನ್ನೊಬ್ಬ ಗಡಿಯವಳಿದ್ದಾಳೆ. ಟೈರ್ ಮತ್ತು ಸಿದೋನ್ ಸೀಮೆಯ ತಾಯಿ. ಮತ್ತಾಯ ಅವಳನ್ನು ಕಾನಾನಿನವಳು ಎನ್ನುತ್ತಾನೆ, ಮಾರ್ಕ ಸಿರಿಯದ ಫೆನಿಷ್ಯದವಳು ಎನ್ನುತ್ತಾನೆ. ಮಗಳಿಗಾಗಿ ಬೇಡುತ್ತಾಳೆ. ಯೇಸು ಮೊದಲು ಉತ್ತರವನ್ನೇ ಕೊಡುವುದಿಲ್ಲ. ಶಿಷ್ಯರು, ಇವಳನ್ನು ಕಳಿಸಿಬಿಡಿ ಎನ್ನುತ್ತಾರೆ. ಆಮೇಲೆ ಬಂದ ಉತ್ತರವೂ ಕಠಿಣ: ನನ್ನನ್ನು ಕಳಿಸಿರುವುದು ಇಸ್ರಯೇಲಿನ ಕಳೆದುಹೋದ ಕುರಿಗಳಿಗಾಗಿ. ಅವಳು ಹತ್ತಿರ ಬಂದು ಮೊಣಕಾಲೂರುತ್ತಾಳೆ. ಮಕ್ಕಳ ರೊಟ್ಟಿಯನ್ನು ನಾಯಿಮರಿಗಳಿಗೆ ಹಾಕುವುದು ಸರಿಯಲ್ಲ ಎಂಬ ಮಾತು ಬರುತ್ತದೆ. ಅದಕ್ಕೆ ಅವಳ ಉತ್ತರದಲ್ಲಿ ಎರಡು ಪದಗಳನ್ನು ಗಮನಿಸಿ: 'ಹೌದು' ಮತ್ತು 'ಆದರೂ'. ಹೌದು ಎಂದು ಒಪ್ಪುತ್ತಾಳೆ. ಆದರೂ ಮೇಜಿನ ಕೆಳಗಿನ ನಾಯಿಮರಿಗಳಿಗೂ ಚೂರು ಸಿಗುತ್ತದಲ್ಲ ಎಂದು ಕೇಳುತ್ತಾಳೆ. ಮೊಣಕಾಲು ನೆಲದ ಮೇಲಿದೆ, ಬಾಯಲ್ಲಿ ವಾದವಿದೆ. ಆ ವಾದವನ್ನು ಪ್ರಭು ದೊಡ್ಡ ವಿಶ್ವಾಸ ಎಂದು ಕರೆದರು, ಮಗಳು ಅದೇ ಗಳಿಗೆಯಲ್ಲಿ ಗುಣವಾದಳು.

ನಾವು ಕಟ್ಟೆಯ ಮೇಲಿದ್ದಾಗ ನಮ್ಮಲ್ಲಿ 'ಆದರೆ' ಮಾತ್ರ ಇತ್ತು. ಸ್ವಾಮಿಗಳ ಎದುರು ನಿಂತಾಗ 'ಹೌದು' ಮಾತ್ರ ಇತ್ತು. ಎರಡೂ ಒಂದೇ ಉಸಿರಿನಲ್ಲಿ ಇರಲಿಲ್ಲ.

ಅಮ್ಮ ಮರಿಯಮ್ಮನವರನ್ನೇ ನೋಡಿ. ದೂತನ ಸಂದೇಶಕ್ಕೆ ಅವರ ಮೊದಲ ಮಾತು ಸಮ್ಮತಿಯಲ್ಲ, ಪ್ರಶ್ನೆ: ಇದು ಹೇಗೆ ಸಾಧ್ಯ? ಪ್ರಶ್ನೆಗೆ ಉತ್ತರ ಬಂದ ಮೇಲೆಯೇ ತಾನು ಪ್ರಭುವಿನ ದಾಸಿ ಎಂಬ ಸಮ್ಮತಿ. ಅದೇ ಅಧ್ಯಾಯದಲ್ಲಿ ಜಕರೀಯನೂ ಪ್ರಶ್ನೆ ಕೇಳಿದ, ಮೂಕನಾದ. ಅವನು ನಂಬಲಿಲ್ಲ ಎಂದು ದೂತನೇ ಹೇಳುತ್ತಾನೆ. ಅಂದರೆ ಪ್ರಶ್ನೆಯೇ ತಪ್ಪಲ್ಲ, ಒಳಗಿನ ಮನಸ್ಸು ಯಾವ ಕಡೆಗೆ ತಿರುಗಿದೆ ಎನ್ನುವುದು ಮುಖ್ಯ. ಗೆತ್ಸೆಮನಿಯಲ್ಲಿ ನಮ್ಮ ಪ್ರಭುವೂ ಮೂರು ಸಲ ಪ್ರಾರ್ಥಿಸಿದರು. ಈ ಪಾತ್ರೆ ನನ್ನಿಂದ ದೂರವಾಗಲಿ ಎಂದು ಕೇಳಿದರು, ಆದರೆ ನಿಮ್ಮ ಚಿತ್ತದಂತೆಯೇ ಆಗಲಿ ಎಂದರು. ದೇವಪುತ್ರರೇ ಕೇಳಿದ ಮೇಲೆ, ಕೇಳುವುದೇ ಅವಿಶ್ವಾಸ ಎಂದು ಯಾರೂ ನಮಗೆ ಹೇಳಲಾರರು. ಹಾಗೆಯೇ ಕೇಳಿದ್ದು ಸಿಗಲಿಲ್ಲವೆಂದು ಎದ್ದುಹೋಗುವ ಹಕ್ಕು ನಮಗಿದೆ ಎಂದೂ ಯಾರೂ ಹೇಳಲಾರರು.

ಯಾರ ಮಾತು ಕೇಳಬೇಕು?

ಇಲ್ಲಿ ಕೂಟದಲ್ಲಿ ಒಬ್ಬರು ಎತ್ತಿದ ಪ್ರಶ್ನೆ ನ್ಯಾಯವಾದದ್ದು. "ಅಪ್ಪಣೆಯೇ ತಪ್ಪಾಗಿದ್ದರೆ? ಆಗಲೂ ಬಂದು ಕೂರಬೇಕೇ?"

ಇದಕ್ಕೆ ನಮ್ಮ ಪಕ್ಕದ ಸೀಮೆಯ ಸಂತ ದೇವಸಹಾಯಂ ಉತ್ತರವಾಗಿದ್ದಾರೆ. 1712ರಲ್ಲಿ ನಟ್ಟಾಲಂನಲ್ಲಿ ಹುಟ್ಟಿ, ತಿರುವಾಂಕೂರು ರಾಜ್ಯದ ಅಧಿಕಾರಿಯಾಗಿದ್ದವರು. ಡಚ್ ಸೇನಾಧಿಕಾರಿ ಡಿ ಲನೋಯ್ ಅವರಿಂದ ಯೋಬನ ಕಥೆ ಕೇಳಿ ಕ್ರಿಸ್ತರ ಕಡೆ ತಿರುಗಿ, 1745ರಲ್ಲಿ ವಡಕ್ಕನ್‌ಕುಳಂನಲ್ಲಿ ದೀಕ್ಷಾಸ್ನಾನ ಪಡೆದರು. ವಿಶ್ವಾಸ ಬಿಡು ಎಂಬ ಒತ್ತಡ ಬಂದಾಗ ಒಪ್ಪಲಿಲ್ಲ. ವರ್ಷಗಟ್ಟಲೆ ಸೆರೆ, ಹಿಂಸೆ. 1752ರ ಜನವರಿ 14ರಂದು ಆರಲ್ವಾಯ್‌ಮೊಳಿಯ ಕಾಟ್ಟಾಡಿಮಲೆಯಲ್ಲಿ ಗುಂಡಿಗೆ ಬಲಿಯಾದರು. 2022ರ ಮೇ 15ರಂದು ಜಗದ್ಗುರು ಫ್ರಾನ್ಸಿಸ್‌ರವರು ಅವರನ್ನು ಸಂತರೆಂದು ಘೋಷಿಸಿದರು. ರಾಜನಿಗೆ ಇಷ್ಟು ವರ್ಷ ಪ್ರಾಮಾಣಿಕವಾಗಿ ದುಡಿದವರು, ಒಂದು ವಿಷಯದಲ್ಲಿ ಮಾತ್ರ ಆಗುವುದಿಲ್ಲ ಎಂದರು. ಆ 'ಇಲ್ಲ' ಎನ್ನುವುದೂ ವಿಧೇಯತೆಯೇ, ಇನ್ನೂ ದೊಡ್ಡವರ ಮಾತಿಗೆ.

ಹಾಗಾದರೆ ನಾವು ಹೀಗೆ ವಿಂಗಡಿಸಿಕೊಳ್ಳಬಹುದು. ಪಾಪ ಮಾಡು ಎಂದರೆ, ಯಾರೇ ಹೇಳಲಿ, ಇಲ್ಲ ಎನ್ನಬೇಕು, ಅದರ ಬೆಲೆಯನ್ನೂ ತೆರಬೇಕು. ಯಾರಿಗಾದರೂ ಅನ್ಯಾಯವೋ ದೌರ್ಜನ್ಯವೋ ಆಗುತ್ತಿದ್ದರೆ, ವಿಧೇಯತೆಯ ಹೆಸರಿನಲ್ಲಿ ಬಾಯಿ ಮುಚ್ಚಿಸುವುದೂ ಮುಚ್ಚಿಕೊಳ್ಳುವುದೂ ತಪ್ಪು. ಹೇಳಬೇಕಾದವರಿಗೆ ಹೇಳಲೇಬೇಕು. ಮಕ್ಕಳಿಗೆ ಇದನ್ನು ಸ್ಪಷ್ಟವಾಗಿ ಕಲಿಸಬೇಕು. ಆದರೆ ನಮ್ಮ ಬಹುಪಾಲು ತಕರಾರುಗಳು ಈ ಎರಡೂ ಅಲ್ಲ. ಅವು ಅನಾನುಕೂಲದವು, ನೋವಿನವು, ಕೆಲವೊಮ್ಮೆ ಅಭಿಮಾನದವು. ತಮಿಳಿನಲ್ಲಿ ಅರ್ಪಿಸಿದರೂ ಅದು ಅದೇ ಬಲಿಪೂಜೆ, ಅದೇ ಕ್ರಿಸ್ತರ ದೇಹ. ಅದನ್ನು ಬಿಟ್ಟು ಕಟ್ಟೆಯ ಮೇಲೆ ಕೂರಲು ನಮಗೆ ದೇವಸಹಾಯಂ ಅವರ ಕಾರಣ ಇರಲಿಲ್ಲ.

ಹಾಗೆಂದು ನಮ್ಮ ನೋವು ಸುಳ್ಳೂ ಅಲ್ಲ. 1963ರ ಡಿಸೆಂಬರ್ 4ರಂದು ಎರಡನೇ ವ್ಯಾಟಿಕನ್ ಮಹಾಸಭೆ ದೈವಾರಾಧನೆಯ ಸಂವಿಧಾನವನ್ನು ಹೊರಡಿಸಿ, ಪೂಜೆಯಲ್ಲಿ ಜನರ ಭಾಷೆಗೆ ದಾರಿ ತೆರೆಯಿತು. ಜನರು ಅರಿತು, ಪೂರ್ಣವಾಗಿ ಭಾಗವಹಿಸಲಿ ಎಂಬುದೇ ಅದರ ಆಶಯ. ನಮ್ಮ ಅಜ್ಜಿಯಂಥವರು ಬಾಲ್ಯದಲ್ಲಿ ಲತೀನ್ ಪೂಜೆ ಕಂಡವರು. ಕನ್ನಡದಲ್ಲಿ ಮೊದಲ ಸಲ ಪೂಜೆ ಕೇಳಿದ ದಿನ ಅವರಿಗೆ ಏನನ್ನಿಸಿರಬೇಕು! ಅದನ್ನು ಮತ್ತೆ ಬೇಡುವುದು ಹಟಮಾರಿತನವಲ್ಲ.

ಅದೇ ಮಹಾಸಭೆ 1964ರ ನವೆಂಬರ್ 21ರಂದು ಹೊರಡಿಸಿದ 'ಲೂಮೆನ್ ಜೆನ್ಶಿಯುಮ್' ಎಂಬ ಸಂವಿಧಾನದ 37ನೇ ವಿಭಾಗದಲ್ಲಿ ಎರಡೂ ಮಾತುಗಳು ಒಟ್ಟಿಗೇ ಇವೆ. ಧರ್ಮಸಭೆಯ ಹಿತದ ವಿಷಯದಲ್ಲಿ ಶ್ರೀಸಾಮಾನ್ಯ ವಿಶ್ವಾಸಿಗಳು ತಮ್ಮ ಅಭಿಪ್ರಾಯವನ್ನು ಗುರುಗಳಿಗೆ ತಿಳಿಸಬಹುದು, ಕೆಲವೊಮ್ಮೆ ತಿಳಿಸಲೇಬೇಕು. ಗುರುಗಳ ತೀರ್ಮಾನವನ್ನು ಕ್ರೈಸ್ತ ವಿಧೇಯತೆಯಿಂದ ಸ್ವೀಕರಿಸಬೇಕು. ಗುರುಗಳೂ ವಿಶ್ವಾಸಿಗಳ ಸಲಹೆ, ಬೇಡಿಕೆಗಳನ್ನು ತಂದೆಯ ಪ್ರೀತಿಯಿಂದ ಗಮನಿಸಬೇಕು. ಕೇಳುವುದು ಎರಡು ಕಡೆಯ ಕೆಲಸ. ಮಾತು ಕೇಳು ಎಂದು ಹೇಳುವವರು ಮಾತು ಕೇಳಿಸಿಕೊಳ್ಳಲೂ ಬೇಕು. ಇದು ಸ್ವಾಮಿಗಳಿಗೆ ಮಾತ್ರವಲ್ಲ, ಮನೆಯ ಅಪ್ಪ ಅಮ್ಮಂದಿರಿಗೂ, ಯುವಕೂಟದ ಸಂಯೋಜಕರಾದ ನಮಗೂ ಅನ್ವಯಿಸುತ್ತದೆ.

ನಮ್ಮ ರೆಕಾರ್ಡ್ ಪುಸ್ತಕ

ಕೊನೆಗೆ ನಾವು ಸ್ವಾಮಿಗಳ ಕೋಣೆಗೆ ಹೋದೆವು. ಬರೆದುಕೊಂಡು ಹೋಗಿದ್ದ ಮನವಿಯನ್ನು ಓದಿದೆವು. ಅವರು ಕೊನೆಯವರೆಗೂ ಕೇಳಿಸಿಕೊಂಡರು. ಆಮೇಲೆ ತಮ್ಮ ಕಷ್ಟ ಹೇಳಿದರು. ನಂತರ ಸುಮ್ಮನೆ ಒಂದು ಪ್ರಶ್ನೆ ಕೇಳಿದರು: "ಕನ್ನಡ ವಾಚನಗಳನ್ನು ನಿಮ್ಮಲ್ಲಿ ಎಷ್ಟು ಜನ ತಡವರಿಸದೆ ಓದುತ್ತೀರಿ?"

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮನೆಯಲ್ಲಿ ಕನ್ನಡ ಮಾತಾಡುತ್ತೇವೆ. ಓದಿದ್ದು ತಮಿಳು ಮತ್ತು ಇಂಗ್ಲಿಷ್ ಶಾಲೆಗಳಲ್ಲಿ. ಗಾನವೃಂದದ ಪುಸ್ತಕಗಳನ್ನು ತೆಗೆದು ನೋಡಿದರೆ ಅರ್ಧದಷ್ಟು ಕನ್ನಡ ಗೀತೆಗಳನ್ನು ತಮಿಳು ಅಕ್ಷರಗಳಲ್ಲಿ ಬರೆದುಕೊಂಡಿದ್ದೇವೆ. ಅದು ತಪ್ಪೇನಲ್ಲ, ಹಾಡಿದರೆ ಕನ್ನಡವೇ. ಆದರೆ ಇಡೀ ಪೂಜೆ ಕನ್ನಡದಲ್ಲಿ ಬೇಕೆಂದು ಕಟ್ಟೆಯ ಮೇಲೆ ಕೂತವರು ಅಕ್ಷರ ಕಲಿಯುವ ಶ್ರಮವನ್ನೇ ಪಟ್ಟಿರಲಿಲ್ಲ.

ವಿಜ್ಞಾನ ಓದಿದವರಿಗೆ ಪ್ರಯೋಗಶಾಲೆಯ ರೆಕಾರ್ಡ್ ಪುಸ್ತಕ ನೆನಪಿರಬಹುದು. ಲೋಲಕವನ್ನು ತೂಗಾಡಿಸಿ ಗುರುತ್ವದ ಬೆಲೆ ಕಂಡುಹಿಡಿಯಬೇಕು. ಉತ್ತರ 9.8ರ ಹತ್ತಿರ ಬರಬೇಕು ಎಂದು ಎಲ್ಲರಿಗೂ ಮೊದಲೇ ಗೊತ್ತು. ಹಾಗಾಗಿ ಕೆಲವರು ಲೋಲಕವನ್ನು ಮುಟ್ಟದೆಯೇ ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ಅಂಕಿಗಳನ್ನು ತುಂಬುತ್ತಾರೆ. ಪುಸ್ತಕ ಅಂದವಾಗಿರುತ್ತದೆ, ಸಹಿಯೂ ಬೀಳುತ್ತದೆ. ಇನ್ನೊಬ್ಬ ಮೂರು ಸಲ ಎಣಿಕೆ ತಪ್ಪಿ, ಮತ್ತೆ ಅಳೆದು, 9.4 ಬಂತು ಎಂದು ಪ್ರಾಮಾಣಿಕವಾಗಿ ಬರೆದು, ಎಲ್ಲಿ ತಪ್ಪಿದೆ ಸರ್ ಎಂದು ಕೇಳುತ್ತಾನೆ. ಗುರುವಿನ ಮಾತು ಕೇಳಿದವನು ಯಾರು? ಮತ್ತಾಯನ ಶುಭಸಂದೇಶದ 21ನೇ ಅಧ್ಯಾಯದ ಇಬ್ಬರು ಮಕ್ಕಳ ಸಾಮತಿಯೂ ಇದೇ. ಒಬ್ಬ, ಹೋಗುತ್ತೇನೆ ಎಂದು ಹೋಗಲಿಲ್ಲ. ಇನ್ನೊಬ್ಬ, ಹೋಗುವುದಿಲ್ಲ ಎಂದವನು ಮನಸ್ಸು ಬದಲಾಯಿಸಿ ದ್ರಾಕ್ಷಿತೋಟಕ್ಕೆ ಹೋದ. ನಮ್ಮ 'ಸರಿ ಫಾದರ್' ಅಂದವಾದ ರೆಕಾರ್ಡ್ ಪುಸ್ತಕವಾಗಿತ್ತು.

ಈಗ ಏನಾಗಿದೆ ಎಂದರೆ, ಕನ್ನಡ ಪೂಜೆ ಇನ್ನೂ ತಿಂಗಳಿಗೆ ಒಂದೇ. ಉಳಿದ ಭಾನುವಾರಗಳಲ್ಲಿ ಮೊದಲ ವಾಚನ ಮತ್ತು ವಿಶ್ವಾಸಿಗಳ ಪ್ರಾರ್ಥನೆಯ ಒಂದು ಬಿನ್ನಹ ಕನ್ನಡದಲ್ಲಿ ಆಗುತ್ತಿದೆ. ಶನಿವಾರ ಸಂಜೆ ಧರ್ಮೋಪದೇಶದ ನಂತರ ಮಕ್ಕಳೊಂದಿಗೆ ನಮ್ಮಲ್ಲೂ ಕೆಲವರು ಕೂತು ಕಾಗುಣಿತ ತಿದ್ದುತ್ತಿದ್ದೇವೆ. ಸ್ವಾಮಿಗಳೂ ಬಿಡುವಿದ್ದಾಗ ಬಂದು ಕೂರುತ್ತಾರೆ. 'ಹ'ಕಾರ ಅವರಿಗೆ ಬೇಗ ಬಂತು, 'ಳ' ಮತ್ತು 'ಲ' ನಮ್ಮಂತೆಯೇ ಅವರಿಗೂ ಕೈಕೊಡುತ್ತಿವೆ. ಗಾನವೃಂದ ಮತ್ತೆ ಹಾಡುತ್ತಿದೆ, ತಮಿಳು ಪೂಜೆಯಲ್ಲಿ ತಮಿಳು ಗೀತೆಗಳನ್ನೇ. ಮನವಿಯನ್ನು ನಾವು ಹಿಂದಕ್ಕೆ ತೆಗೆದುಕೊಂಡಿಲ್ಲ. ಧರ್ಮಾಧ್ಯಕ್ಷರು ಬಂದಾಗ ಅವರ ಮುಂದೆಯೂ ಇಡುತ್ತೇವೆ. ಆಗುತ್ತದೋ ಇಲ್ಲವೋ, ಎಷ್ಟು ವರ್ಷವಾಗುತ್ತದೋ, ನಮ್ಮ ಕೈಯಲ್ಲಿಲ್ಲ.

ನಮ್ಮಲ್ಲಿ ಒಬ್ಬರಿಗೆ ಉತ್ತರವಾಗದ ಪ್ರಾರ್ಥನೆ ಮನೆಯ ಸಾಲವಿರಬಹುದು, ಇನ್ನೊಬ್ಬರಿಗೆ ಕುಡಿತ ಬಿಡದ ತಂದೆ, ಮತ್ತೊಬ್ಬರಿಗೆ ಸಿಗದ ಕೆಲಸ. ಅವುಗಳ ಮುಂದೆ ಪೂಜೆಯ ಭಾಷೆ ಸಣ್ಣ ವಿಷಯ ಎನ್ನಿಸಬಹುದು. ಆದರೆ ಸಣ್ಣದರಲ್ಲಿ ಕಲಿತದ್ದೇ ದೊಡ್ಡದರಲ್ಲಿ ಕೈಹಿಡಿಯುತ್ತದೆ: ಬರುವುದನ್ನು ಬಿಡಬಾರದು, ಕೇಳುವುದನ್ನೂ ಬಿಡಬಾರದು. ಅರ್ಥವಾಗುವುದು ಅರ್ಧವೇ ಇರಲಿ.

ಕಟ್ಟೆಯ ಮೇಲೆ ಇನ್ನೂ ಕೆಲವರು ಕೂರುತ್ತಿದ್ದೀರಿ, ನಮಗೆ ಗೊತ್ತು. ನಿಮ್ಮನ್ನು ಬೈಯಲು ಇದನ್ನು ಬರೆಯಲಿಲ್ಲ, ಆ ಜಾಗದಲ್ಲಿ ನಾವೂ ಇದ್ದೆವು. ಈ ಭಾನುವಾರ ಒಳಗೆ ಬನ್ನಿ. ಬಲಗಡೆಯ ಮೂರನೆಯ ಬೆಂಚಿನಲ್ಲಿ ಅಜ್ಜಿಯ ಪಕ್ಕ ಜಾಗವಿದೆ. ಪೂಜೆಗೆ ಅರ್ಧ ಗಂಟೆ ಮೊದಲು ಬಂದರೆ ಜಪಸರ ಕನ್ನಡದಲ್ಲೇ.

ಪ್ರಭು ನಮ್ಮೆಲ್ಲರಿಗೂ ಕೇಳುವ ಮನಸ್ಸನ್ನು ಕೊಡಲಿ.

ಧರ್ಮಕೇಂದ್ರದ ಯುವಜನರ ಪರವಾಗಿ,
ಯುವ ಸಂಯೋಜಕರು